ಹದಿನೆಂಟರ ಮಸೂದೆ ಮತ್ತು ಮಾಸ್ತರರು

ಮಸೂದೆ ಮಂಡಿಸಬೇಕಾದ ಮಂತ್ರಿಗೆ ಅವತ್ತೇ ಜ್ವರ ಬರಬಹುದಿತ್ತು. ವಿರೋಧ ಪಕ್ಷದವರು ಬೇರೆ ಯಾವುದೋ ಮಾತಿಗೆ ಸಿಟ್ಟಿಗೆದ್ದು ಸದನವನ್ನೇ ನಡೆಯಗೊಡದೆ ಇರಬಹುದಿತ್ತು. ಮಧ್ಯಾಹ್ನದ ಊಟ ಜಡವಾಗಿ ಸದಸ್ಯರೆಲ್ಲ ಮನೆಯಲ್ಲೇ ಮಲಗಿ ಕೋರಂ ಸಾಲದೆ ಹೋಗಬಹುದಿತ್ತು. ಸಮಿತಿಗೆ ಒಪ್ಪಿಸುತ್ತೇವೆಂದು ಒಪ್ಪಿಸಿ ಅಲ್ಲೇ ಮರೆತುಬಿಡಬಹುದಿತ್ತು. ಒಂದು ಸದನ ಹದಿನೆಂಟು ಎಂದರೆ ಇನ್ನೊಂದು ಹದಿನಾರು ಸಾಕು ಎನ್ನಬಹುದಿತ್ತು. ಎಲ್ಲ ದಾಟಿ ರಾಷ್ಟ್ರಪತಿಗಳ ಮೇಜಿಗೆ ಹೋದ ಮೇಲೂ ಅದರ ಮೇಲೆ ಯಾರಾದರೂ ಚಹಾ ಚೆಲ್ಲಬಹುದಿತ್ತು. ದಿಲ್ಲಿಯಲ್ಲಿ ಎಲ್ಲ ಸರಿಹೋಗಿ ಬಾದಾಮಿಯಲ್ಲಿ ಕೆಡಬಹುದಿತ್ತು: ಮಾಸ್ತರರ ರೇಡಿಯೊದ ಸೆಲ್ಲು ಇಳಿಯಬಹುದಿತ್ತು, ಪೇಪರು ತರುವ ಹುಬ್ಬಳ್ಳಿ ಬಸ್ಸು ಕುಳಗೇರಿ ಕ್ರಾಸಿನಲ್ಲಿ ಕೆಟ್ಟು ನಿಲ್ಲಬಹುದಿತ್ತು, ನನ್ನ ಸೋದರಮಾವನ ಹಠ ಗೆಲ್ಲಬಹುದಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂಡಬೇಕಾದ ಅವನ ಮಗಳು ಗಿರಿಜಾ ಹಸೆಮಣೆಯ ಮೇಲೆ ಕೂಡಬಹುದಿತ್ತು. ಪಕ್ಕದಲ್ಲಿ ಇಪ್ಪತ್ತು ವರ್ಷದ, ಬಿ.ಎ.ಯಲ್ಲಿ ಇಂಗ್ಲಿಷು ಉಳಿಸಿಕೊಂಡ, ಬಾಸಿಂಗದ ಹೆಸರು ತೆಗೆದರೆ ಸಾಕು ತಲೆನೋವು ಬರುವ ನಾನು ಕೂಡಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಪ್ರತಿಯೊಂದಕ್ಕೂ ನಾನು ಬೇರೆಬೇರೆಯಾಗಿ ನಿದ್ದೆಗೆಟ್ಟದ್ದು ಮಾತ್ರ ದಂಡ. ಈಗ ಐವತ್ತು ದಾಟಿದ್ದೇನೆ. ಕಾಳಜಿ ಮಾಡುವುದಕ್ಕೂ ಆಗಿನ ಕಸುವು ಉಳಿದಿಲ್ಲ.

ಮಾಸ್ತರರು ಹೋದ ತಿಂಗಳು ತೀರಿಕೊಂಡರು. ತೊಂಬತ್ತರ ಹತ್ತಿರದ ಜೀವ. ಅವರು ಕಲಿಸಿದ ಹೈಸ್ಕೂಲಿನಲ್ಲೇ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಹೋಗದಿದ್ದರೆ ಜನ ಏನಂದಾರು ಎಂದು ಹೋದೆ. ಹೋದ ಮೇಲೆ, ಎರಡು ಮಾತಾಡಿ ಎಂದರೇನು ಗತಿ ಎಂದು ಹಿಂದಿನ ಸಾಲಿನಲ್ಲಿ ಒಂದು ಕಂಬದ ಮರೆಗೆ ಕೂತೆ. ಮಾತಾಡಿದವರೆಲ್ಲ ಸೇರಿ ಮಾಸ್ತರರನ್ನು ಎತ್ತುತ್ತ ಎತ್ತುತ್ತ ಮಾಳಿಗೆಗೆ ಮುಟ್ಟಿಸಿದರು. ಕೊನೆಗೆ ಎದ್ದ ಹಳೆಯ ವಿದ್ಯಾರ್ಥಿಯೊಬ್ಬ, "ಬಾಲ್ಯವಿವಾಹದ ವಿರುದ್ಧ ಏಕಾಂಗಿಯಾಗಿ ಹೋರಾಡಿ ನಮ್ಮೂರ ಹೆಣ್ಣುಮಗಳೊಬ್ಬಳ ಬಾಳು ಉಳಿಸಿದ ಮಹಾನುಭಾವರು" ಎಂದ. ಚಪ್ಪಾಳೆ ಬಿತ್ತು. ಇದು ಶ್ರದ್ಧಾಂಜಲಿ ಸಭೆಯೆಂದು ನೆನಪಾಗಿ ಅರ್ಧಕ್ಕೇ ನಿಂತಿತು. ನಾನು ಆ ಅರ್ಧವನ್ನೂ ಹೊಡೆಯಲಿಲ್ಲ. ಆ ಹೆಣ್ಣುಮಗಳ ಬಾಳಿಗೆ ಮೊದಲು ಬೆಂಕಿ ಹಚ್ಚಿದವರು ಯಾರೆಂದು ನನಗೆ ಗೊತ್ತಿತ್ತು. ಆಕೆಗೆ ಗೊತ್ತುಮಾಡಿದ್ದ ಮದುಮಗ ನಾನೇ.

ಮಾಸ್ತರರು ನಮಗೆ ಇತಿಹಾಸ, ಪೌರನೀತಿ ಎರಡೂ ಕಲಿಸುತ್ತಿದ್ದರು. ಇತಿಹಾಸ ಕಲಿಸಲು ಬಾದಾಮಿಯಷ್ಟು ಅನುಕೂಲದ ಊರು ಇನ್ನೊಂದಿಲ್ಲ, ಕಿಟಕಿ ತೆಗೆದರೆ ಸಾಕು. ಅವರು ಕಿಟಕಿ ಮುಚ್ಚಿಸಿ ಪೌರನೀತಿ ಹೇಳುತ್ತಿದ್ದರು. ಚಾಲುಕ್ಯರ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. "ಒಂದು ಚುನಾವಣಿ ಗೆದ್ದವರಲ್ಲ, ಒಂದು ಮಸೂದಿ ಪಾಸು ಮಾಡಿದವರಲ್ಲ. ಕಲ್ಲು ಕಡಸ್ಕೋತ ಕುಂತ್ರು" ಎನ್ನುತ್ತಿದ್ದರು. ರಿಟೈರಾದ ಮೇಲೆ ಶಾಲೆಯ ಕಿಟಕಿಗಳು ತೆರೆದುಕೊಂಡವು. ಮಾಸ್ತರರು ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಗೆ ಬಂದು ಕೂತರು.

ಬೇಸಿಗೆಯಲ್ಲೂ ಕರಿ ಕೋಟು, ಮಳೆಗಾಲದಲ್ಲೂ ಬಿಚ್ಚದ ಛತ್ರಿ. ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರೂ "ಮತದಾರ". ಚಹಾ ತಣ್ಣಗಿದ್ದರೆ "ಏನೋ ಮತದಾರ, ಇದೇನು ಚಹಾನೋ ಕೆರಿ ನೀರೋ?" ಆಗ ಓಟಿನ ವಯಸ್ಸು ಇಪ್ಪತ್ತೊಂದು. ಅದಕ್ಕೇ ನಾನು "ಭಾವಿ ಮತದಾರ". ಆ ಶಬ್ದ ಹೇಳುವಾಗ ಅವರ ಮೂಗು ಸ್ವಲ್ಪ ಮೇಲೇರುತ್ತಿತ್ತು. ಈ ದೇಶಕ್ಕೆ ಇಂಥವರೇ ಗತಿಯೇ ಎಂದು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಮಿರ್ಚಿ ಭಜಿಗೆ ಕೈ ಚಾಚುತ್ತಿದ್ದರು. ಭಜಿ ಸಾಮಾನ್ಯವಾಗಿ ನನ್ನದೇ ಆಗಿರುತ್ತಿತ್ತು.

ಸಂಸತ್ತು ಎಂಬುದು ಅವರಿಗೆ ಬೀಗರ ಮನೆ ಇದ್ದ ಹಾಗೆ. ಅಲ್ಲಿ ಯಾರು ಎದ್ದರು, ಯಾರು ಕೂತರು, ಯಾರು ಮುನಿಸಿಕೊಂಡು ಹೊರಗೆ ನಡೆದರು, ಎಲ್ಲ ಇವರಿಗೆ ಬೇಕು. ರೇಡಿಯೊ ಕಿವಿಗೆ ಹಚ್ಚಿಕೊಂಡು ಕೇಳುತ್ತಿದ್ದರು, ಪೇಪರಿನ ಮೂಲೆಯ ಸುದ್ದಿಗಳನ್ನು ಬೆರಳಿಟ್ಟು ಓದುತ್ತಿದ್ದರು, ಮರುದಿನ ಚಹಾದಂಗಡಿಯಲ್ಲಿ ತಾವೇ ಸಭಾಧ್ಯಕ್ಷರಾಗುತ್ತಿದ್ದರು. ಮಾತು ಮಸೂದೆಗೆ ಬಂದಿತೆಂದರೆ ಅವರ ಬಾಯಿಂದ ನಮ್ಮ ಕಡೆಯ ಭಾಷೆ ಎದ್ದುಹೋಗಿ ಆಕಾಶವಾಣಿ ಬಂದು ಕೂಡುತ್ತಿತ್ತು. ಬಲಕ್ಕೊಂದು ಚಹಾದ ಬಶಿ, ಎಡಕ್ಕೊಂದು ಬಶಿ ಇಡುವರು. "ಇದು ಲೋಕಸಭೆ. ಇದು ರಾಜ್ಯಸಭೆ. ಈ ಭಜಿಯೇ ವಿಧೇಯಕ ಎಂದು ತಿಳಿಯಿರಿ." ಭಜಿ ಮೊದಲ ಬಶಿಯಲ್ಲಿ ಮಂಡನೆಯಾಗುವುದು; ಅದರ ತುದಿ ಮುರಿದು ತಿಂದರೆ ತಿದ್ದುಪಡಿ. ಕಲಂವಾರು ಚರ್ಚೆಯ ಹೊತ್ತಿಗೆ ಅರ್ಧ ಭಜಿ ಇರುತ್ತಿರಲಿಲ್ಲ. ಎರಡನೆಯ ಬಶಿಗೆ ತಲುಪಿದ ವಿಧೇಯಕವನ್ನು ನಾನಂತೂ ಕಣ್ಣಾರೆ ಕಂಡಿಲ್ಲ.

ಒಮ್ಮೆ ದಿಲ್ಲಿಗೂ ಹೋಗಿಬಂದಿದ್ದರು. ಶಾಲೆಯ ಪ್ರವಾಸದಲ್ಲಿ. ಹುಡುಗರು ಕೆಂಪುಕೋಟೆ, ಕುತುಬ್ ಮಿನಾರ್ ನೋಡುತ್ತಿದ್ದಾಗ ಇವರು ಸಂಸತ್ ಭವನದ ಗೇಟಿಗೆ ಹೋಗಿ ನಿಂತರಂತೆ. ಪಾಸಿಲ್ಲದೆ ಬಿಡುವುದಿಲ್ಲ ಎಂದು ಕಾವಲಿನವನು ಹೊರಗೇ ನಿಲ್ಲಿಸಿದ. ಊರಿಗೆ ಬಂದು ಅವರು ಹೇಳಿದ್ದು: "ಸದನ ಅವತ್ತು ನಡದಿರಲಿಲ್ಲ. ನಡದಿತ್ತಂದ್ರ ಕೇಳಬೇಕಾದ ಪ್ರಶ್ನೆ ಭಾಳ ಇದ್ದುವು." ಜೊತೆಗೆ ಹೋಗಿದ್ದ ಡ್ರಿಲ್ ಮಾಸ್ತರು ಖರೆ ಸಂಗತಿಯನ್ನು ಮೊದಲೇ ಹರಡಿದ್ದರಿಂದ ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಜನ ಇವರ ಸುತ್ತ ಕೂಡುತ್ತಿದ್ದರು. ನಮ್ಮ ಜನಕ್ಕೆ ಗೊತ್ತಿರುವವನಿಗಿಂತ ಗಟ್ಟಿಯಾಗಿ ಹೇಳುವವನು ಮೇಲು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಇನ್ನೊಂದು ಮಾತು ಶ್ರದ್ಧಾಂಜಲಿ ಸಭೆಯಲ್ಲಿ ಯಾರೂ ಆಡಲಿಲ್ಲ. ಈ ಮಹಾನುಭಾವರು ತಮ್ಮ ಸ್ವಂತ ಮಗಳನ್ನು ಹದಿನೈದು ತುಂಬಿದ ಮರುತಿಂಗಳೇ ಧಾರೆ ಎರೆದು ಕೊಟ್ಟಿದ್ದರು. ಯಾರೋ ಕೇಳಿದ್ದಕ್ಕೆ, "ಆಗ ಚಾಲ್ತಿಯಲ್ಲಿದ್ದ ಕಾನೂನಿನ ಪ್ರಕಾರ ಸಂಪೂರ್ಣ ಕ್ರಮಬದ್ಧ" ಎಂದಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಚಹಾದಂಗಡಿಗೆ ಹೊಂದಿಕೊಂಡೇ ನನ್ನ ಸೋದರಮಾವನ ಕಿರಾಣಿ ಅಂಗಡಿ. ಗಿರಿಜಾಳನ್ನು ನನಗೆ ಕೊಡುವುದೆಂದು ಅವ್ವ ಮತ್ತು ಮಾವ ನಾವು ಸಣ್ಣವರಿದ್ದಾಗಲೇ ಮಾತಾಡಿಕೊಂಡಿದ್ದರು. ನಮ್ಮ ಕಡೆ ಅದೇನೂ ವಿಶೇಷವಲ್ಲ. ಆದರೆ ಅವಸರ ಯಾರಿಗೂ ಇರಲಿಲ್ಲ. ಹುಡುಗಿ ಜಾಣೆ, ಎಸ್ಸೆಸ್ಸೆಲ್ಸಿ ಮುಗಿಸಲಿ, ಆಮೇಲೆ ಬಾಗಲಕೋಟೆಯ ಕಾಲೇಜಿಗೆ ಹೋಗುತ್ತೇನೆಂದರೆ ಅದಕ್ಕೂ ಹೋಗಲಿ, ಎರಡು ವರ್ಷ ಬಿಟ್ಟು ನೋಡೋಣ ಎಂದು ಮಾವನೇ ಹೇಳುತ್ತಿದ್ದ. ಒಂದು ಮುಂಜಾನೆ ಮಾಸ್ತರರು ಪೇಪರಿನಿಂದ ತಲೆ ಎತ್ತಿದರು.

"ಏ ಮತದಾರ, ನಿನ್ನ ಮಗಳಿಗೆ ಎಷ್ಟು ವಯಸ್ಸು?"

"ಹದಿನಾರು ನಡದೈತ್ರಿ. ಯಾಕ್ರಿ ಮಾಸ್ತರ?"

"ಮುಗೀತು ಹಂಗಾರ."

ಇಷ್ಟು ಹೇಳಿ ಅವರು ಚಹಾ ಕುಡಿಯತೊಡಗಿದರು. ಮಾವ ಗಿರಾಕಿಯನ್ನು ಬಿಟ್ಟು ಎದ್ದು ಬಂದ. "ಏನ್ರಿ ಅದು? ಏನು ಮುಗೀತು?"

"ದಿಲ್ಲಿ ಒಳಗ ಮಸೂದಿ ಬರಾಕತ್ತೈತಿ. ಇನ್ನ ಮ್ಯಾಲ ಹೆಣ್ಣಿಗೆ ಹದಿನೆಂಟು ತುಂಬಬೇಕು, ಗಂಡಿಗೆ ಇಪ್ಪತ್ತೊಂದು. ಅದರೊಳಗ ಲಗ್ನ ಮಾಡಿದ್ರ ತಂದಿಗೆ ಜೇಲು. ನಾ ಹೇಳೂದು ಹೇಳೇನಿ."

ಬೇಕಾದಷ್ಟೇ ಹೇಳಿ ಸುಮ್ಮನಾಗುವ ಈ ಕಲೆಯನ್ನು ಅವರು ಪಾಠ ಮಾಡುವಾಗ ಎಂದೂ ತೋರಿಸಿದವರಲ್ಲ.

ಅವತ್ತು ಸಂಜೆಯೇ ಮಾವ ನಮ್ಮ ಮನೆಗೆ ಬಂದ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಅಕ್ಕಾ, ಈ ಫಾಲ್ಗುಣದಾಗs ಮಾಡಿಬಿಡೂಣು."

"ಎರಡು ವರ್ಷ ತಡಿ ಅಂದಾಂವ ನೀನs ಅಲ್ಲೇನೋ? ಕಾಯ್ದೆ ಬಂದ್ರೂ ಅಷ್ಟs ಆತಲ್ಲ."

"ಅಷ್ಟs ಹೆಂಗ ಆಗತೈತಿ? ನಾನಾಗಿ ಎರಡು ವರ್ಷ ಕಾಯೂದು ಬ್ಯಾರೆ, ಅವರು ನನ್ನ ಎರಡು ವರ್ಷ ಕಾಯಸೂದು ಬ್ಯಾರೆ. ಇವತ್ತು ಹದಿನೆಂಟ ಅಂದಾರ. ನಾಳಿ ಇನ್ನೊಂದು ಸರ್ಕಾರ ಬಂದು ಇಪ್ಪತ್ತೆಂಟ ಅಂದ್ರ? ನನ್ನ ಮಗಳು ಹಲ್ಲು ಬಿದ್ದ ಮ್ಯಾಲ ಹಸೆಮಣಿ ಏರಬೇಕೇನು?"

"ಪರೀಕ್ಷಾ ಐತಲ್ಲೋ ಆಕೀದು."

"ಪರೀಕ್ಷಾ ವರ್ಷಾ ಬರತೈತಿ. ಕಾಯ್ದೆ ಬಂತಂದ್ರ ಹೊಳ್ಳಿ ಹೋಗೂದಿಲ್ಲ."

ಅವ್ವ ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು. ಮಾವ ಇಳಕಲ್ಲಿಗೆ ಹೋಗಿ ಧಾರೆ ಸೀರೆ ತಂದ. ಅಯ್ಯನವರನ್ನು ಕರೆಸಿ ಪರೀಕ್ಷೆಗೆ ಮೊದಲಿನ ಒಂದು ಮುಹೂರ್ತ ಹಿಡಿಸಿದ. ಹೀಗೆ, ಬಾಲ್ಯವಿವಾಹವನ್ನು ತಡೆಯಲು ದಿಲ್ಲಿಯಲ್ಲಿ ಹೊರಟ ಮಸೂದೆ, ಮಾಸ್ತರರ ಬಾಯಿಯ ಮೂಲಕ ಬಾದಾಮಿ ತಲುಪಿ, ಇಲ್ಲದ ಒಂದು ಬಾಲ್ಯವಿವಾಹವನ್ನು ಹುಟ್ಟಿಸಿತು. ನಮ್ಮದೊಂದೇ ಅಲ್ಲ. ಆ ವರ್ಷ ನಮ್ಮೂರಲ್ಲಿ ಹಂದರದ ಬೊಂಬಿಗೆ ಬರ ಬಂದಿತ್ತು. ಮಾಸ್ತರರು ಒಂದೊಂದು ಮದುವೆಗೂ ಹೋಗಿ, ಉಂಡು, ಮಸೂದೆ ಎಲ್ಲಿಗೆ ಬಂದಿದೆ ಎಂದು ಪಂಕ್ತಿಯಲ್ಲಿ ಕೂತೇ ಹೇಳಿ ಇನ್ನೆರಡು ಮನೆಯವರನ್ನು ಹೆದರಿಸಿ ಬರುತ್ತಿದ್ದರು.

ಗಿರಿಜಾ ನನ್ನನ್ನು ಅಗಸ್ತ್ಯ ತೀರ್ಥದ ಮೆಟ್ಟಿಲ ಹತ್ತಿರ ಹಿಡಿದಳು. ಕೈಯಲ್ಲಿ ಕೊಡ, ಕಣ್ಣಲ್ಲಿ ಬೆಂಕಿ.

"ನಿನಗ ಈ ಲಗ್ನ ಬೇಕಾಗೈತೇನು?"

"ನನಗೂ ಬ್ಯಾಡ" ಎಂದೆ. ಅದು ಖರೆ. ಕೆಲಸವಿಲ್ಲ, ಡಿಗ್ರಿ ಇಲ್ಲ, ಹೆಂಡತಿಗೆ ಜ್ವರ ಬಂದರೆ ಯಾವ ದವಾಖಾನೆಗೆ ಒಯ್ಯಬೇಕೆಂಬ ಕಾಳಜಿ ಆಗಲೇ ಶುರುವಾಗಿತ್ತು.

"ಹಂಗಾರ ನಿಮ್ಮವ್ವಗ ಹೇಳು."

"ಹೇಳಬಹುದು. ಆದ್ರ ಮಸೂದಿ ಹೆಂಗೂ ಬರಾಕತ್ತೈತಲ್ಲ. ಈ ವಾರ ಸದನದಾಗ ಚರ್ಚಾ ಐತಂತ. ಅದು ಪಾಸ್ ಆಗಿಬಿಟ್ಟಿತಂದ್ರ ನಾವು ಯಾರಿಗೂ ಏನೂ ಹೇಳೂದs ಬ್ಯಾಡ."

ಆಕೆ ಕೊಡವನ್ನು ಸೊಂಟಕ್ಕೇರಿಸಿದಳು. "ಅಂದ್ರ, ನಿಮ್ಮವ್ವನ ಮುಂದ ನೀ ಆಡೋ ಒಂದು ಮಾತನ್ನ ದಿಲ್ಲಿ ಒಳಗ ಐದನೂರು ಮಂದಿ ಕುಂತು ಆಡಬೇಕು ಅಂತೀ."

ಆಕೆಯೇ ಮಾಸ್ತರರ ಮನೆಗೆ ಹೊರಟಳು. ನಾನು ಹಿಂದೆ ಹೋದೆ. ಮಾಸ್ತರರು ಕಟ್ಟೆಯ ಮೇಲೆ ಉಗುರು ಕತ್ತರಿಸಿಕೊಳ್ಳುತ್ತಿದ್ದರು.

"ಸರ, ಆ ಮಸೂದಿ ನಮ್ಮ ಪರೀಕ್ಷಾದಕಿಂತ ಮೊದಲ ಪಾಸ್ ಆಗತೈತೇನ್ರಿ?"

"ಒಳ್ಳೆಯ ಪ್ರಶ್ನೆ" ಎಂದರು ಮಾಸ್ತರರು, ತರಗತಿಯಲ್ಲಿ ಹೇಳುವಂತೆ. ಆಮೇಲೆ ಮೂರು ವಾಚನಗಳ ಬಗ್ಗೆ ಹೇಳಿದರು. ಆಯ್ಕೆ ಸಮಿತಿಗೂ ಜಂಟಿ ಸಮಿತಿಗೂ ಇರುವ ಫರಕು ಹೇಳಿದರು. ಬ್ರಿಟನ್ನಿನಲ್ಲಿ ಹೇಗೆ ಎಂಬುದನ್ನೂ ಹೇಳಿದರು. ಆ ಹುಡುಗಿ ಅಲ್ಲಿ ಯಾಕೆ ನಿಂತಿದ್ದಾಳೆ, ಆಕೆಗೆ ಏನಾಗಲಿದೆ ಎಂಬುದನ್ನು ಮಾತ್ರ ಕೇಳಲಿಲ್ಲ. ಊರಿನಲ್ಲಿ ಯಾರ ಮನೆಯಲ್ಲಿ ಹಂದರ ಬೀಳುತ್ತದೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಕೊನೆಗೆ, "ಆದ್ದರಿಂದ ಅಂಗೀಕಾರವಾಗಬಹುದು, ಆಗದೆಯೂ ಇರಬಹುದು. ಎರಡೂ ಸಾಧ್ಯತೆಗಳನ್ನು ತಳ್ಳಿಹಾಕುವಂತಿಲ್ಲ" ಎಂದು ಉಗುರಿಗೆ ಮರಳಿದರು.

"ಮಳಿ ವರದಿನೂ ಇದಕಿಂತ ಗಟ್ಟಿ ಇರತೈತ್ರಿ ಸರ" ಎಂದಳು ಗಿರಿಜಾ. ಅವರು ಅದನ್ನು ಹೊಗಳಿಕೆ ಎಂದುಕೊಂಡರೆಂದು ಕಾಣುತ್ತದೆ, ನಕ್ಕರು.

ಆಮೇಲೆ ನಾನು ದಿನಾ ಚಹಾದಂಗಡಿಗೆ ಹೋಗತೊಡಗಿದೆ. ಮಸೂದೆ ಎಲ್ಲಿದೆ ಎಂದು ಕೇಳುವುದೇ ನನ್ನ ಕೆಲಸ. ಮಾಸ್ತರರು ಒಂದು ದಿನ "ಬಜೆಟ್ಟಿನ ಗದ್ದಲದಾಗ ಇದು ಉಳಿಯೂದಿಲ್ಲ" ಎನ್ನುವರು. ನಾನು ತಿನ್ನಲಾರದೆ ನನ್ನ ಭಜಿಯನ್ನು ಅವರತ್ತ ಸರಿಸುವೆ. ಮರುದಿನ "ನಾಳಿಗೇ ಬರತೈತಿ" ಎನ್ನುವರು, ಖುಷಿಗೆ ಅವರಿಗೆ ಇನ್ನೊಂದು ಭಜಿ ತರಿಸುವೆ. ಎರಡಕ್ಕೂ ಆಧಾರ ಪೇಪರಿನ ಅದೇ ಒಂದು ಸುದ್ದಿ. ಪಕ್ಕದ ಅಂಗಡಿಯಿಂದ ಮಾವನೂ ಕಿವಿಗೊಟ್ಟಿರುತ್ತಿದ್ದ. ನಾಳೆ ಎಂದರೆ ಅವನ ಮುಖ ಕಪ್ಪಗಾಗುತ್ತಿತ್ತು, ನನ್ನದು ಬೆಳಗುತ್ತಿತ್ತು. ಒಬ್ಬನೇ ಮನುಷ್ಯ ಒಂದೇ ಮಾತಿನಲ್ಲಿ ಮಾವ-ಅಳಿಯ ಇಬ್ಬರನ್ನೂ ಹೀಗೆ ಕುಣಿಸುತ್ತಿದ್ದ. ಕುಣಿಸುತ್ತಿದ್ದೇನೆಂಬ ಅರಿವೂ ಅವನಿಗೆ ಇರಲಿಲ್ಲ. ಅವನಿಗೆ ಬೇಕಾದದ್ದು ಕೇಳುವ ಕಿವಿಗಳು.

ಮದುವೆ ಹತ್ತಿರ ಬಂತು. ಹಂದರದ ಕಂಬಕ್ಕೆ ಕುಣಿ ತೋಡಿದ್ದರು. ಅಂಥ ಒಂದು ಮುಂಜಾನೆ ಮಾಸ್ತರರು ಛತ್ರಿ ಮೇಲೆತ್ತಿಕೊಂಡು ಬಸ್‌ಸ್ಟ್ಯಾಂಡಿನ ನಡುವಿನಿಂದ ಬಂದರು. ಎದುರಿಗೆ ಬಂದ ಗಜೇಂದ್ರಗಡದ ಬಸ್ಸು ನಿಂತು ದಾರಿ ಬಿಟ್ಟಿತು.

"ಎರಡನೇ ಸದನಾನೂ ದಾಟಿತು! ಆತು! ಇವತ್ತಿನಿಂದ ಹದಿನೆಂಟು!"

ಮಾವ ಬೆಲ್ಲ ತೂಗುತ್ತಿದ್ದ. ತಕ್ಕಡಿ ಹಿಡಿದೇ ಹೊರಗೆ ಬಂದ. "ಖರೇನ್ರಿ ಮಾಸ್ತರ?"

"ಆಕಾಶವಾಣಿ ಸುಳ್ಳು ಹೇಳತೈತೇನು?"

ಆಕಾಶವಾಣಿ ಹೇಳಿದ್ದು ಎರಡನೆಯ ಸದನ ಒಪ್ಪಿಗೆ ಕೊಟ್ಟಿತು ಎಂಬಷ್ಟೇ. 'ಇವತ್ತಿನಿಂದ' ಎಂಬುದು ಮಾಸ್ತರರ ಸ್ವಂತ ಕೈಗಾಣಿಕೆ. ಆದರೆ ಅದನ್ನು ಯಾರಿಗೆ ಕೇಳಬೇಕು? ಕೇಳಬೇಕಾದವರು ಅವರೊಬ್ಬರೇ. ಮದುವೆ ಮಾಡಿಸಬೇಕಿದ್ದ ಅಯ್ಯನವರೂ ಅಲ್ಲೇ ಚಹಾ ಕುಡಿಯುತ್ತಿದ್ದರು.

"ಜೇಲು ತಂದಿಗೆ ಅಷ್ಟ ಏನ್ರಿ, ನಮಗೂ ಐತೇನ್ರಿ?" ಎಂದರು ಮೆಲ್ಲಗೆ.

"ಮಂತ್ರ ಹೇಳಿದವರಿಗೆ ಮೊದಲು" ಎಂದರು ಮಾಸ್ತರರು.

ಅಯ್ಯನವರು ಚಹಾ ಅರ್ಧಕ್ಕೇ ಇಟ್ಟು ಎದ್ದರು. ಮಾವ ಒಳಗೆ ಹೋಗಿ ಅರ್ಧ ತೂಗಿದ್ದ ಬೆಲ್ಲವನ್ನು ತೂಗಿ ಮುಗಿಸಿದ. ಆಮೇಲೆ ಮನೆಗೆ ಹೋಗಿ ಮಗಳಿಗೆ, "ಓದಕೋ ಹೋಗು" ಎಂದನಂತೆ. ಹಂದರದ ಕುಣಿಗಳನ್ನು ಮುಚ್ಚಿಸಿದರು. ಗಿರಿಜಾ ಪರೀಕ್ಷೆಗೆ ಕೂತಳು. ನಾನು ಅಷ್ಟು ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ. ಮರುದಿನದಿಂದ, ಆಕೆ ನಪಾಸಾದರೆ ಏನು ಗತಿ ಎಂದು ಕಾಳಜಿ ಶುರುಮಾಡಿದೆ.

ವೈಶಾಖ ಬಂತು. ಮಾವ ಬಳಗದವರ ಮದುವೆಗೆಂದು ಮಹಾಕೂಟಕ್ಕೆ ಹೋಗಿ ಬಂದವನೇ, ಬಸ್ಸಿನಿಂದ ಇಳಿದು ನೇರ ಚಹಾದಂಗಡಿಗೆ ನುಗ್ಗಿದ. ನಾನಿದ್ದೆ, ಅಯ್ಯನವರಿದ್ದರು, ಮಾಸ್ತರರು ಪೇಪರು ಹಿಡಿದಿದ್ದರು.

"ಮಾಸ್ತರ, ನಿಮ್ಮ ಕಾಯ್ದೆ ಮಹಾಕೂಟಕ್ಕ ಯಾವ ಬಸ್ಸಿಗೆ ಬರತೈತ್ರಿ?"

ಅಂಗಡಿಯೆಲ್ಲ ನಕ್ಕಿತು. ಮಾಸ್ತರರು ಪೇಪರು ಇಳಿಸಲಿಲ್ಲ.

"ಗಿರಿಜಾನಕಿಂತ ಗೇಣು ಸಣ್ಣ ಹುಡುಗಿ ಹಸೆಮಣಿ ಮ್ಯಾಲ ಕುಂತಿತ್ರಿ! ಪೊಲೀಸಪ್ಪ ಒಬ್ಬಾಂವ ಪಂಕ್ತಿಯೊಳಗ ಕುಂತು ಎರಡನೇ ಸರ್ತಿ ಹುಗ್ಗಿ ಹಾಕಿಸಕೊಂಡ. ಎಲ್ಲೈತ್ರಿ ಜೇಲು?"

ಆಗ ಆಕಾಶವಾಣಿ ಎದ್ದಿತು. "ಕಾಯ್ದೆ ಆಗಿದೆ. ಜಾರಿಗೆ ಬಂದಿಲ್ಲ. ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಿಂದ ಜಾರಿಗೆ ಬರತಕ್ಕದ್ದು."

"ಅವತ್ತು 'ಇವತ್ತಿನಿಂದ' ಅಂದ್ರಲ್ಲ?"

"ನೀ ಜಾರಿ ಬಗ್ಗೆ ಕೇಳಲಿಲ್ಲ. ಪಾಸ್ ಬಗ್ಗೆ ಕೇಳಿದಿ."

ಆ ಸಂಗತಿ ಪೇಪರಿನಲ್ಲಿ ಬಂದು ಆಗಲೇ ಎಷ್ಟೋ ದಿನವಾಗಿತ್ತೆಂದು ಆಮೇಲೆ ತಿಳಿಯಿತು. ಮಾಸ್ತರರು ಬೆರಳಿಟ್ಟು ಓದಿಯೂ ಇದ್ದರು. ಓದಿ, ಮಡಚಿ, ಅದರಲ್ಲಿ ಭಜಿ ಕಟ್ಟಿಸಿಕೊಂಡು ಮನೆಗೆ ಹೋಗಿದ್ದರು. ತಪ್ಪಾಯಿತು ಎನ್ನುವುದು ಅವರ ಪೌರನೀತಿಯಲ್ಲಿ ಇರಲೇ ಇಲ್ಲ.

ಮಾವ ಬಿಡಲಿಲ್ಲ. "ಆತು ಬಿಡ್ರಿ. ಹಂಗಾರ ಜಾರಿ ಆಗೂದರೊಳಗ ಈ ವಾರದಾಗs ಮುಗಿಸಿಬಿಡತೇನಿ. ಅಯ್ಯನವರ, ಮುಹೂರ್ತ ನೋಡ್ರಿ."

ಗಿರಿಜಾ ಮನೆಯಲ್ಲಿ ಫಲಿತಾಂಶದ ದಾರಿ ಕಾಯುತ್ತಿದ್ದಳು. ಬೇಡ ಎಂದು ನಾನು ಹೇಳಬೇಕಾದ ಹೊತ್ತು ಯಾವುದಾದರೂ ಇದ್ದರೆ ಅದೇ. ನಾನು ಮಾಸ್ತರರ ಮುಖ ನೋಡಿದೆ. ಮಾಸ್ತರರು ಆಗಷ್ಟೇ ನಕ್ಕವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಅಷ್ಟು ವರ್ಷ ಅದೇ ಅಂಗಡಿಯಲ್ಲಿ ಕೂತರೂ ಅವರನ್ನು ನೋಡಿ ಊರು ನಕ್ಕದ್ದು ಅದೇ ಮೊದಲು.

"ಮಾಡು, ಮಾಡು" ಎಂದರು. ಧ್ವನಿ ಸಣ್ಣಗಾಗಿತ್ತು, ವಿಷವಾಗಿತ್ತು. "ಆದರ ಒಂದು ತಿಳಕೋ. ಅಧಿಸೂಚನೆ ಹೇಳಿ ಬರೂದಿಲ್ಲ. ಯಾವ ಗಳಿಗ್ಯಾಗೂ ಬರಬಹುದು. ನೀ ಇಲ್ಲಿ ಅಕ್ಕಿಕಾಳು ಹಾಕೂ ಹೊತ್ತಿಗೆ ಅಲ್ಲಿ ಬಂದಿತ್ತಂದ್ರ, ಮಾಂಗಲ್ಯ ಒಂದು ಕಡೆ, ಬೇಡಿ ಒಂದು ಕಡೆ. ಮಾಸ್ತರು ಹೇಳಲಿಲ್ಲ ಅನಬ್ಯಾಡ."

ಅಯ್ಯನವರು ಎದ್ದು ನಿಂತರು. "ನನ್ನ ಬಿಟ್ಟುಬಿಡ್ರಿ ಶೆಟ್ಟರ. ಬೇಕಾದ್ರ ದಿಲ್ಲಿಯಿಂದs ಒಬ್ಬ ಅಯ್ಯನ್ನ ಕರಸ್ಕೋರಿ."

ಊರಿನ ಉಳಿದ ಅಯ್ಯನವರಿಗೂ ಸಂಜೆಯೊಳಗೆ ಸುದ್ದಿ ಮುಟ್ಟಿತು. ಮಾವ ಒಬ್ಬೊಬ್ಬರ ಮನೆಗೆ ಅಲೆದ. ಒಬ್ಬರಿಗೆ ಸೊಂಟನೋವು, ಒಬ್ಬರು ಊರಲ್ಲಿಲ್ಲ, ಒಬ್ಬರು ಮೌನವ್ರತ ಹಿಡಿದಿದ್ದರು. ಅಷ್ಟರಲ್ಲಿ ಮುಹೂರ್ತಗಳು ಮುಗಿದು ಆಷಾಢ ಹತ್ತಿತು. ಫಲಿತಾಂಶ ಬಂತು, ಗಿರಿಜಾ ಫಸ್ಟ್ ಕ್ಲಾಸು. ತಕ್ಕಡಿ ಹಿಡಿಯುವ ಮನೆಯಲ್ಲಿ ಮೊದಲ ಬಾರಿಗೆ ಅಂಥದ್ದು ಆದದ್ದರಿಂದ ಮಾವ ಮೆತ್ತಗಾದ. ಊರಿಗೆಲ್ಲ ಪೇಢೆ ಹಂಚಿದ, ಆಕೆಯನ್ನು ಬಾಗಲಕೋಟೆಯ ಕಾಲೇಜಿಗೆ ತಾನೇ ಬಸ್ಸು ಹತ್ತಿಸಿ ಕರೆದುಕೊಂಡು ಹೋಗಿ ಹೆಸರು ಹಚ್ಚಿಸಿ ಬಂದ. ಕಾಯ್ದೆ ನವರಾತ್ರಿಯ ಹೊತ್ತಿಗೆ ನಿಜವಾಗಿಯೂ ಜಾರಿಗೆ ಬಂತು. ಮಾಸ್ತರರು ಆ ಪೇಪರನ್ನು ಮಾವನ ಅಂಗಡಿಯ ಮುಂದೆ ಹಿಡಿದು, "ನಾ ಮೊದಲs ಹೇಳಿದ್ನಿಲ್ಲೋ ಮತದಾರ?" ಎಂದರು.

ಮುಂದೆ ವರ್ಷಗಳು ಹೋದಂತೆ ಈ ಕಥೆ ಅವರ ಬಾಯಲ್ಲಿ ಬೆಳೆಯಿತು. ತಾವು ಮದುವೆ ಮಂಟಪಕ್ಕೇ ಹೋಗಿ ತಡೆದೆವೆಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಮಂಟಪವೇ ಇರಲಿಲ್ಲ, ಮುಚ್ಚಿದ ಕುಣಿಗಳಿದ್ದವು. ಯಾವ ಹುಡುಗಿಯನ್ನು ಉಳಿಸಿದರೋ ಆಕೆಯ ಹೆಸರು ಗಿರಿಜಾ ಎಂಬುದು ಅವರ ಬಾಯಿಗೆ ಎಂದೂ ಬರಲಿಲ್ಲ. "ಆ ಶೆಟ್ಟರ ಹುಡುಗಿ" ಎಂದೇ ಕೊನೆಯವರೆಗೂ. ಒಮ್ಮೆ ಬಾಗಲಕೋಟೆ ಬಸ್ಸಿನಲ್ಲಿ ಗಿರಿಜಾ ಸಿಕ್ಕಾಗ, ಏನೇ ಆಗಲಿ ಮಾಸ್ತರರಿಂದ ನಿನಗೆ ಒಳ್ಳೆಯದೇ ಆಯಿತಲ್ಲ ಎಂದೆ.

"ಬೆಂಕಿ ಹಚ್ಚಿದಾಂವನೂ ಅವನs" ಎಂದಳು. "ಅದರ ಮ್ಯಾಲ ಬಿದ್ದು ಆರಿಸಿದಾಂವನೂ ಅವನs. ಬಿದ್ದದ್ದು ಮಾತ್ರ ಎಡವಿ."

ಶ್ರದ್ಧಾಂಜಲಿ ಸಭೆಗೆ ಇದೊಂದು ಮಾತು ಸಾಕಿತ್ತು. ಇಷ್ಟು ಸಣ್ಣದಾಗಿ ಮುಗಿಸುವ ರೂಢಿ ನಮ್ಮಲ್ಲಿ ಇಲ್ಲ.

ಎಂಬತ್ತರ ದಶಕ ಬಂತು. ನಾನು ಉಳಿದ ಇಂಗ್ಲಿಷನ್ನು ಮುಗಿಸಿ ಹುನಗುಂದದ ತಾಲೂಕು ಕಚೇರಿಯಲ್ಲಿ ಗುಮಾಸ್ತನಾದೆ. ಗಿರಿಜಾಳಿಗೆ ಇಳಕಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸವಾಯಿತು. ನಮ್ಮಿಬ್ಬರ ವಯಸ್ಸೂ ಈಗ ಕಾಯ್ದೆಯನ್ನು ದಾಟಿತ್ತು. ನನಗೆ ಸಂಬಳವಿತ್ತು, ಬಾಡಿಗೆಗೆ ಹಿಡಿದ ಮನೆಯಿತ್ತು, ದವಾಖಾನೆ ಎಲ್ಲಿದೆ ಎಂದು ಗೊತ್ತಿತ್ತು. ಅಷ್ಟೇ ಅಲ್ಲ, ಇಳಕಲ್ಲಿಗೆ ಕಚೇರಿಯ ಕೆಲಸ ಬಿದ್ದರೆ ನಾನೇ ಹೋಗುತ್ತೇನೆಂದು ಮುಂದೆ ಬೀಳುತ್ತಿದ್ದೆ. ಅವ್ವ, ಮಾವ ಇಬ್ಬರೂ ಹಳೆಯ ಮಾತನ್ನು ಮತ್ತೆ ಎತ್ತಿದರು. ಕಲಿತ ಹುಡುಗಿ, ನೌಕರಿ ಮಾಡುವಾಕೆ, ಕೇಳದೆ ಮಾಡುವ ಕಾಲವಲ್ಲ ಎಂದು ಮಾವನೇ ಹೇಳಿದ. ನಾನೇ ಹೋಗಿ ಕೇಳಬಹುದಿತ್ತು. ಆಕೆ ಡ್ಯೂಟಿಯಲ್ಲಿದ್ದರೆ? ಪಕ್ಕದಲ್ಲಿ ಯಾರಾದರೂ ಇದ್ದರೆ? ನನಗೆ ಮಾತೇ ಹೊರಡದಿದ್ದರೆ? ಇದನ್ನೆಲ್ಲ ನೋಡಿ ಅವ್ವ, "ಮಾಸ್ತರನ್ನs ಕಳಸೂಣು. ಆಕೀ ಕಲಿಯಾಕ ಕಾರಣ ಆದವರು, ಅವರ ಮಾತಿಗೆ ಬೆಲಿ ಕೊಡತಾಳ" ಎಂದಳು. ನಾನು ಬೇಡ ಎನ್ನಲಿಲ್ಲ.

ಮಾಸ್ತರರು ಕರಿ ಕೋಟು ತೊಟ್ಟು ಮುಂಜಾನೆಯ ಬಸ್ಸಿಗೆ ಇಳಕಲ್ಲಿಗೆ ಹೋದರು. ಮಧ್ಯಾಹ್ನ ಹುನಗುಂದದಲ್ಲಿ ಇಳಿದು ನನ್ನ ಕಚೇರಿಗೆ ಬಂದರು. ನಾನು ಕುರ್ಚಿ ಕೊಟ್ಟೆ. ಕೂಡಲಿಲ್ಲ.

"ಏನಂದ್ಲ್ರಿ ಸರ?"

"ಒಲ್ಲೆ ಅಂದ್ಲಪಾ."

ನಾನು ಕಾದೆ. ಇದರ ಹಿಂದೆ ಇನ್ನೇನಾದರೂ ಇದ್ದೀತು, ಎರಡೂ ಸಾಧ್ಯತೆಗಳನ್ನು ತಳ್ಳಿಹಾಕುವಂತಿಲ್ಲ ಎಂದಾರು, ಇನ್ನೊಂದು ಹಂತ ಬಾಕಿ ಇದೆ ಎಂದಾರು ಎಂದು ಅವರ ಬಾಯನ್ನೇ ನೋಡುತ್ತ ನಿಂತೆ. ಅವರು ಛತ್ರಿ ತೆಗೆದುಕೊಂಡು ಬಾದಾಮಿಯ ಬಸ್ಸು ಹಿಡಿಯಲು ನಡೆದುಬಿಟ್ಟರು. ಅವರು ಜೀವಮಾನದಲ್ಲಿ ತಂದ ಸುದ್ದಿಗಳಲ್ಲಿ, ಪಾಸಾದ ದಿನವೇ ನನಗೆ ತಲುಪಿ ಆ ದಿನದಿಂದಲೇ ಜಾರಿಗೂ ಬಂದದ್ದು ಅದೊಂದೇ.